ಮನೆ ತೋರಿಸುವವರು ಯಾರ ಕಡೆಯವರು? ಬ್ರೋಕರ್ ಆಯ್ಕೆಗೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಬೆಂಗಳೂರಿನಲ್ಲಿ ಸ್ವಂತ ಮನೆ ಹುಡುಕಲು ಹೊರಟವರು ಮೊದಲ ವಾರದಲ್ಲೇ ಕೇಳುವ ಮಾತೊಂದಿದೆ: ‘ಪೇಪರ್ಸ್ ಎಲ್ಲಾ ಕ್ಲಿಯರ್ ಇದೆ ಸರ್, ಏನೂ ಯೋಚ್ನೆ ಮಾಡ್ಬೇಡಿ.’ ಹೇಳುವವರು ಬ್ರೋಕರ್. ಅವರ ವಿಸಿಟಿಂಗ್ ಕಾರ್ಡಿನಲ್ಲಿ ‘ಪ್ರಾಪರ್ಟಿ ಕನ್ಸಲ್ಟೆಂಟ್’ ಎಂದಿರಬಹುದು. ಕಾನೂನಿನ ಭಾಷೆಯಲ್ಲಿ ಅವರು ರಿಯಲ್ ಎಸ್ಟೇಟ್ ಏಜೆಂಟ್, ಹಳಬರ ಬಾಯಲ್ಲಿ ದಲ್ಲಾಳಿ. ಮಾತು ಸುಳ್ಳೇ ಆಗಿರಬೇಕೆಂದೇನೂ ಇಲ್ಲ. ಆದರೆ ಅದನ್ನು ಹೇಳುವ ವ್ಯಕ್ತಿಗೆ ಸಂಬಳ ಕೊಡುವವರು ಯಾರು, ವ್ಯಾಪಾರ ಮುರಿದುಬಿದ್ದರೆ ಆ ವ್ಯಕ್ತಿ ಕಳೆದುಕೊಳ್ಳುವುದೇನು ಎಂಬುದು ಗೊತ್ತಿಲ್ಲದೆ ಆ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂದು ತೀರ್ಮಾನಿಸಲಾಗದು.

ಈ ಪ್ರಶ್ನೆ ಈಗ ಹೆಚ್ಚು ಮುಖ್ಯವಾಗಲು ಕಾರಣಗಳಿವೆ. ರಾಜ್ಯದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿದರೆ ನಗರ ಪ್ರದೇಶದಲ್ಲಿ ₹80 ಲಕ್ಷದ ಫ್ಲ್ಯಾಟ್ ಕೊಳ್ಳುವವರು ಬೆಲೆಯ ಮೇಲೆ ಸುಮಾರು ಶೇ 7.6ರಷ್ಟು, ಅಂದರೆ ₹6 ಲಕ್ಷಕ್ಕೂ ಹೆಚ್ಚು ಹಣವನ್ನು ಸರ್ಕಾರಕ್ಕೇ ಕಟ್ಟಬೇಕು. ತಪ್ಪು ಆಸ್ತಿ ಕೊಂಡರೆ ಈ ಹಣವೂ ಹೋದಂತೆಯೇ. ಇನ್ನೊಂದು ಕಡೆ, ಇ-ಖಾತಾ, ಅಂದರೆ ಆಸ್ತಿ ತೆರಿಗೆ ದಾಖಲೆಯ ಡಿಜಿಟಲ್ ರೂಪ, ಇಲ್ಲದೆ ನೋಂದಣಿಯೇ ಆಗದ ವ್ಯವಸ್ಥೆ ಬಂದಿದೆ. ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರವನ್ನು ಮನೆಯಲ್ಲೇ ಕುಳಿತು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಪಡೆಯಬಹುದಾಗಿದೆ. ಹಿಂದೆ ಬ್ರೋಕರ್ ಇಲ್ಲದೆ ಕಣ್ಣಿಗೂ ಬೀಳದಿದ್ದ ಕಾಗದಗಳು ಈಗ ಕೊಳ್ಳುವವರ ಕೈಗೇ ಸಿಗುತ್ತವೆ. ಹೀಗಾಗಿ ಬ್ರೋಕರ್‌ನಿಂದ ಏನನ್ನು ನಿರೀಕ್ಷಿಸಬೇಕು ಎಂಬುದೂ ಬದಲಾಗಿದೆ.

ಮದುವೆ ದಲ್ಲಾಳಿಯೂ ಮನೆ ದಲ್ಲಾಳಿಯೂ

ಬ್ರೋಕರ್ ಕೆಲಸವನ್ನು ಅರ್ಥ ಮಾಡಿಕೊಳ್ಳಲು ಮದುವೆ ದಲ್ಲಾಳಿಯನ್ನು ನೆನೆದರೆ ಸಾಕು. ಎರಡು ಮನೆಗಳ ಬಾಗಿಲು ತಟ್ಟುವುದು, ಇಬ್ಬರನ್ನೂ ಒಂದು ಜಗಲಿಯ ಮೇಲೆ ಕೂರಿಸುವುದು, ಮಾತು ಮುರಿಯುವ ಹೊತ್ತಿಗೆ ‘ಸ್ವಲ್ಪ ಅವರೂ ಬಗ್ಗಲಿ, ಸ್ವಲ್ಪ ನೀವೂ ಬಗ್ಗಿ’ ಎಂದು ತೇಪೆ ಹಾಕುವುದು ಅವರ ಕಸುಬು. ಹುಡುಗನ ಉದ್ಯೋಗ ನಿಜವೇ, ಮನೆತನ ಹೇಗೆ, ಸಾಲ ಎಷ್ಟಿದೆ ಎಂದು ವಿಚಾರಿಸುವುದು ಮನೆಯ ಹಿರಿಯರ ಹೊಣೆ. ಆ ಹೊಣೆಯನ್ನು ದಲ್ಲಾಳಿಗೇ ವಹಿಸುವ ಮನೆ ಇರಲಾರದು. ಆದರೆ ಮನೆ ಕೊಳ್ಳುವ ಸಂದರ್ಭದಲ್ಲಿ ಎಷ್ಟೋ ಜನ ಅದನ್ನೇ ಮಾಡುತ್ತಾರೆ. ಹುಡುಕುವುದು, ಚೌಕಾಸಿ ಮಾಡುವುದು, ಹಕ್ಕುಪತ್ರ ಪರಿಶೀಲಿಸುವುದು, ಸಾಲ ಕೊಡಿಸುವುದು, ನೋಂದಣಿ ಮಾಡಿಸುವುದು ಇವೆಲ್ಲವನ್ನೂ ಒಬ್ಬರೇ ವ್ಯಕ್ತಿಯ ಹೆಗಲಿಗೆ ಹಾಕಿ ನಿಶ್ಚಿಂತರಾಗುತ್ತಾರೆ.

1872ರ ಭಾರತೀಯ ಒಪ್ಪಂದ ಕಾಯ್ದೆಯ ಪ್ರಕಾರ ಏಜೆಂಟ್ ಎಂದರೆ ಇನ್ನೊಬ್ಬರ ಪರವಾಗಿ ಕೆಲಸ ಮಾಡಲು ನೇಮಕಗೊಂಡವರು. ನೇಮಿಸಿದವರ ಹಿತವನ್ನು ಅವರು ಕಾಯಬೇಕು. ಅವರಿಗೆ ತಿಳಿಸದೆ ತಮ್ಮ ಲಾಭಕ್ಕೆ ವ್ಯವಹರಿಸಬಾರದು. ಇದು ಕಾಯ್ದೆಯ ಮಾತು. ರಸ್ತೆಯಲ್ಲಿ ನಡೆಯುವುದು ಬೇರೆ. ಹಳೆಯ ಮನೆಯೊಂದು ಮಾರಾಟಕ್ಕಿದ್ದಾಗ ಮಾಲೀಕರು ನಾಲ್ಕೈದು ಬ್ರೋಕರ್‌ಗಳಿಗೆ ಬಾಯಿಮಾತಿನಲ್ಲಿ ಹೇಳಿರುತ್ತಾರೆ, ಅವರು ತಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುತ್ತಾರೆ, ಅಲ್ಲಿಂದ ಮತ್ತೊಬ್ಬರು ಎತ್ತಿಕೊಳ್ಳುತ್ತಾರೆ. ಕೊಳ್ಳುವವರು ಬಾಗಿಲ ಬಳಿ ಬರುವ ಹೊತ್ತಿಗೆ ನಡುವೆ ಮೂರು ಜನ ಸೇರಿರುವುದು ಅಪರೂಪವಲ್ಲ. ಯಾರೂ ಯಾರನ್ನೂ ಲಿಖಿತವಾಗಿ ನೇಮಿಸಿಲ್ಲ. ಕೊನೆಗೆ ಮನೆ ತೋರಿಸಿದ ಬ್ರೋಕರ್ ಮಾರುವವರಿಂದಲೂ ಕಮಿಷನ್ ಪಡೆಯುತ್ತಾರೆ, ಕೊಳ್ಳುವವರಿಂದಲೂ ಪಡೆಯುತ್ತಾರೆ. ಇದು ಇಲ್ಲಿ ಕದ್ದುಮುಚ್ಚಿ ನಡೆಯುವ ಸಂಗತಿಯೇನಲ್ಲ, ಎಲ್ಲರೂ ಒಪ್ಪಿಕೊಂಡ ರೂಢಿ. ಹೀಗಾಗಿ ‘ನಮ್ಮ ಬ್ರೋಕರ್’ ಎಂಬ ಮಾತಿನಲ್ಲಿರುವ ‘ನಮ್ಮ’ ಎಂಬ ಪದವನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕಾಗುತ್ತದೆ.

ಕಮಿಷನ್ ಲೆಕ್ಕ ಹೇಳುವ ಕಥೆ

ಬೆಂಗಳೂರಿನಲ್ಲಿ ಮರುಮಾರಾಟದ ಮನೆಗಳಿಗೆ ಕೊಳ್ಳುವವರಿಂದ ಶೇ 1ರಿಂದ ಶೇ 2ರವರೆಗೆ ಕಮಿಷನ್ ಕೇಳುವುದು ವಾಡಿಕೆ. ಇದು ಕಾನೂನು ನಿಗದಿಪಡಿಸಿದ ದರವಲ್ಲ, ಮಾತುಕತೆಯಿಂದ ನಿರ್ಧಾರವಾಗುವಂಥದ್ದು. ₹80 ಲಕ್ಷದ ಮನೆಗೆ ಶೇ 1 ಎಂದರೆ ₹80,000. ಬ್ರೋಕರ್ ಜಿಎಸ್‌ಟಿ ನೋಂದಣಿ ಪಡೆದಿದ್ದರೆ ಅದರ ಮೇಲೆ ಶೇ 18ರಂತೆ ₹14,400 ಸೇರಿ ₹94,400 ಆಗುತ್ತದೆ. ಜಿಎಸ್‌ಟಿ ಸಂಖ್ಯೆ ಇಲ್ಲದವರು ತೆರಿಗೆ ವಸೂಲು ಮಾಡುವಂತಿಲ್ಲ. ಆದ್ದರಿಂದ ‘ಒಂದು ಪರ್ಸೆಂಟ್ ಪ್ಲಸ್ ಜಿಎಸ್‌ಟಿ’ ಎಂದವರ ಬಳಿ ಸಂಖ್ಯೆ ನಮೂದಿಸಿದ ಬಿಲ್ ಕೊಡುವಿರಾ ಎಂದು ಮೊದಲೇ ಕೇಳುವುದು ಸರಿ.

ಈಗ ಇದೇ ಲೆಕ್ಕವನ್ನು ಬ್ರೋಕರ್ ಕಡೆಯಿಂದ ನೋಡೋಣ. ಎರಡೂ ಕಡೆಯಿಂದ ಶೇ 1ರಂತೆ ಸಿಕ್ಕರೆ ₹80 ಲಕ್ಷದ ವ್ಯಾಪಾರದಲ್ಲಿ ಅವರಿಗೆ ₹1.6 ಲಕ್ಷ ಬರುತ್ತದೆ. ಕೊಳ್ಳುವವರು ‘ಇನ್ನೊಂದು ತಿಂಗಳು ಕಾಯೋಣ, ₹3 ಲಕ್ಷ ಇಳಿಸಬಹುದು’ ಎಂದು ಯೋಚಿಸುತ್ತಾರೆ ಎಂದಿಟ್ಟುಕೊಳ್ಳಿ. ಇಳಿದರೆ ಕೊಳ್ಳುವವರಿಗೆ ₹3 ಲಕ್ಷ ಉಳಿಯುತ್ತದೆ. ಬ್ರೋಕರ್‌ಗೆ ಎರಡೂ ಕಡೆ ಸೇರಿ ಕಡಿಮೆಯಾಗುವುದು ಕೇವಲ ₹6,000. ಆದರೆ ಆ ಒಂದು ತಿಂಗಳಲ್ಲಿ ಮಾಲೀಕರ ಮನಸ್ಸು ಬದಲಾಗಿ ವ್ಯಾಪಾರವೇ ತಪ್ಪಿದರೆ ಬ್ರೋಕರ್ ಕಳೆದುಕೊಳ್ಳುವುದು ಪೂರ್ತಿ ₹1.6 ಲಕ್ಷ. ಅಂದರೆ ಬೆಲೆ ಹೆಚ್ಚಿಸುವುದರಲ್ಲಾಗಲೀ ತಗ್ಗಿಸುವುದರಲ್ಲಾಗಲೀ ಅವರಿಗೆ ದೊಡ್ಡ ಆಸಕ್ತಿ ಇರುವುದಿಲ್ಲ, ವ್ಯಾಪಾರ ಇವತ್ತೇ ಕುದುರಲಿ ಎಂಬುದರಲ್ಲಿ ಇರುತ್ತದೆ. ‘ಇನ್ನೊಂದು ಪಾರ್ಟಿ ರೆಡಿ ಇದೆ, ಸಂಜೆಯೊಳಗೆ ಟೋಕನ್ ಹಾಕ್ಬಿಡಿ’ ಎಂಬ ಒತ್ತಾಯ ಹುಟ್ಟುವುದು ಈ ಲೆಕ್ಕದಿಂದ. ಇದರಲ್ಲಿ ಕೆಟ್ಟತನ ಹುಡುಕಬೇಕಾಗಿಲ್ಲ, ಒಳ್ಳೆಯ ಬ್ರೋಕರ್‌ಗೂ ಇದೇ ಲೆಕ್ಕ ಅನ್ವಯಿಸುತ್ತದೆ. ವ್ಯತ್ಯಾಸ ಏನೆಂದರೆ, ಒಳ್ಳೆಯವರಿಗೆ ಅದೇ ಬಡಾವಣೆಯಲ್ಲಿ ಇನ್ನೂ ಹತ್ತು ವರ್ಷ ವ್ಯಾಪಾರ ಮಾಡಬೇಕೆಂಬ ಇನ್ನೊಂದು ಲೆಕ್ಕವೂ ಇರುತ್ತದೆ.

ಇದಕ್ಕಿಂತ ಬೇರೆಯಾದ, ಹೆಚ್ಚು ತೊಂದರೆಯ ಒಂದು ಪದ್ಧತಿಯಿದೆ. ಮಾಲೀಕರು ‘ನನ್ನ ಕೈಗೆ ₹75 ಲಕ್ಷ ಬಂದರೆ ಸಾಕು’ ಎಂದಿರುತ್ತಾರೆ. ಬ್ರೋಕರ್ ಕೊಳ್ಳುವವರಿಗೆ ₹80 ಲಕ್ಷ ಎಂದು ಹೇಳಿ ನಡುವಿನ ₹5 ಲಕ್ಷವನ್ನು ತಮ್ಮದಾಗಿಸಿಕೊಳ್ಳುತ್ತಾರೆ. ನಗರದ ಅಂಚಿನ ಸೈಟುಗಳಲ್ಲಿ ಇದು ಹೆಚ್ಚು. ಇಂಥ ಕಡೆ ಒಂದು ಗುರುತು ಸಾಮಾನ್ಯವಾಗಿ ಕಾಣಿಸುತ್ತದೆ: ಮಾಲೀಕರನ್ನೂ ಕೊಳ್ಳುವವರನ್ನೂ ಎದುರುಬದುರು ಕೂರಿಸಲು ಬ್ರೋಕರ್ ಕೊನೆಯವರೆಗೂ ಒಪ್ಪುವುದಿಲ್ಲ, ‘ಓನರ್ ಊರಲ್ಲಿಲ್ಲ, ರೇಟ್ ನಾನೇ ಮಾತಾಡ್ತೀನಿ’ ಎನ್ನುತ್ತಾರೆ. ಬೆಲೆಯ ಅಂತಿಮ ಮಾತುಕತೆ ಮಾಲೀಕರ ಮುಂದೆಯೇ ನಡೆಯಬೇಕೆಂದು ಮೊದಲ ದಿನವೇ ಸ್ಪಷ್ಟಪಡಿಸಿದರೆ ಈ ಬಗೆಯವರು ತಾವಾಗಿಯೇ ದೂರ ಸರಿಯುತ್ತಾರೆ.

ಬಿಲ್ಡರ್‌ಗಳ ಹೊಸ ಅಪಾರ್ಟ್‌ಮೆಂಟುಗಳ ವಿಷಯ ಇನ್ನೊಂದು ರೀತಿಯದು. ಅಲ್ಲಿ ಬ್ರೋಕರ್‌ಗೆ ‘ಚಾನೆಲ್ ಪಾರ್ಟ್ನರ್’ ಎಂಬ ಹೆಸರು. ಕಮಿಷನ್ ಕೊಡುವವರು ಬಿಲ್ಡರ್. ಕೊಳ್ಳುವವರಿಗೆ ‘ನಮ್ಮ ಸೇವೆ ಉಚಿತ’ ಎಂದು ಹೇಳಲಾಗುತ್ತದೆ, ಸೈಟ್ ನೋಡಲು ಕ್ಯಾಬ್ ಕೂಡ ಬರುತ್ತದೆ. ಉಚಿತ ಎಂಬುದು ನಿಜವಾದರೂ ನಿಷ್ಪಕ್ಷಪಾತ ಎಂದು ಅದರ ಅರ್ಥವಲ್ಲ. ಹೆಚ್ಚು ಕಮಿಷನ್ ಕೊಡುವ ಯೋಜನೆಯನ್ನೇ ಮೊದಲು ತೋರಿಸುವ ಆಸೆ ಅಲ್ಲಿ ಸಹಜ. ಜೊತೆಗೆ, ಕೆಲವು ಬಿಲ್ಡರ್‌ಗಳ ಕಚೇರಿಯಲ್ಲಿ ನಿಮ್ಮ ಮೊಬೈಲ್ ಸಂಖ್ಯೆಯನ್ನು ಮೊದಲು ದಾಖಲಿಸಿದ ಏಜೆಂಟರ ಗ್ರಾಹಕರೆಂದೇ ನಿಮ್ಮನ್ನು ಪರಿಗಣಿಸುತ್ತಾರೆ. ಆಮೇಲೆ ನೇರವಾಗಿ ಹೋಗಿ ಕಮಿಷನ್ ಉಳಿತಾಯದ ರಿಯಾಯಿತಿ ಕೇಳಿದರೆ ಸಿಗುವುದು ಕಷ್ಟ. ಯಾವ ಯೋಜನೆ ಇಷ್ಟವೆಂದು ಮೊದಲೇ ಗೊತ್ತಿದ್ದವರು ನೇರವಾಗಿ ವಿಚಾರಿಸಿದ ಮೇಲೆ ಏಜೆಂಟರ ಬಳಿ ಹೋಗುವುದೇ ಒಳಿತು.

ರೆರಾ ನೋಂದಣಿ: ಎಲ್ಲಿ ಕಡ್ಡಾಯ, ಎಲ್ಲಿ ಅಲ್ಲ

ರೆರಾ ಎಂಬುದು 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ ಚಿಕ್ಕ ಹೆಸರು. ಅದರ ಪ್ರಕಾರ 500 ಚದರ ಮೀಟರ್‌ಗಿಂತ ಹೆಚ್ಚಿನ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಯನ್ನು ಪ್ರಾಧಿಕಾರದಲ್ಲಿ ನೋಂದಾಯಿಸದೆ ಮಾರುವಂತಿಲ್ಲ, ಜಾಹೀರಾತು ಕೊಡುವಂತೆಯೂ ಇಲ್ಲ. ಇಂಥ ಯೋಜನೆಯ ಮನೆ ಅಥವಾ ನಿವೇಶನವನ್ನು ಮಾರಲು ನೆರವಾಗುವ ಏಜೆಂಟರೂ ಪ್ರತ್ಯೇಕವಾಗಿ ನೋಂದಣಿ ಪಡೆದಿರಬೇಕು. ಯಾವ ಹೆಸರಿನಿಂದ ಕರೆದುಕೊಂಡರೂ, ಯಾವ ಮಾಧ್ಯಮದ ಮೂಲಕ ಕೊಳ್ಳುವವರನ್ನೂ ಮಾರುವವರನ್ನೂ ಪರಿಚಯಿಸಿದರೂ ಕಾಯ್ದೆಯ ಕಣ್ಣಿನಲ್ಲಿ ಅವರು ಏಜೆಂಟರೇ. ನೋಂದಣಿ ಇಲ್ಲದೆ ವ್ಯವಹರಿಸಿದರೆ ದಿನಕ್ಕೆ ₹10,000ದಂತೆ, ಒಟ್ಟಾರೆ ಆಸ್ತಿಯ ಬೆಲೆಯ ಶೇ 5ರವರೆಗೆ ದಂಡ ವಿಧಿಸಲು ಅವಕಾಶವಿದೆ.

ಕರ್ನಾಟಕದಲ್ಲಿ ಈ ನೋಂದಣಿಯ ಅವಧಿ ಐದು ವರ್ಷ. ರಾಜ್ಯದ ರೆರಾ ಪ್ರಾಧಿಕಾರವಾದ ಕೆ-ರೆರಾದ ಜಾಲತಾಣದಲ್ಲಿ ಏಜೆಂಟರ ಹೆಸರನ್ನೋ ಸಂಖ್ಯೆಯನ್ನೋ ಹಾಕಿ ಯಾರು ಬೇಕಾದರೂ ಪರಿಶೀಲಿಸಬಹುದು. ಸಂಖ್ಯೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಒಂದು ಉಪಯೋಗವಿದೆ: ‘ಪಿಆರ್‌ಎಂ/ಕೆಎ/ರೆರಾ’ ಎಂದು ಆರಂಭವಾಗುವ ಆ ಉದ್ದನೆಯ ಸಾಲಿನ ನಡುವೆ ಏಜೆಂಟರದಾದರೆ ‘ಎಜಿ’ ಎಂದೂ ಯೋಜನೆಯದಾದರೆ ‘ಪಿಆರ್’ ಎಂದೂ ಎರಡು ಅಕ್ಷರಗಳಿರುತ್ತವೆ. ‘ನಮ್ಮದು ರೆರಾ ಅಪ್ರೂವ್ಡ್’ ಎಂದು ಬ್ರೋಕರ್ ತೋರಿಸುವ ಸಂಖ್ಯೆ ಅನೇಕ ಸಲ ಬಿಲ್ಡರ್‌ನ ಯೋಜನೆಯದಾಗಿರುತ್ತದೆ. ಎರಡೂ ಬೇರೆ ಬೇರೆಯಾಗಿ ಇರಬೇಕು. ತಾನು ಮಧ್ಯಸ್ಥಿಕೆ ವಹಿಸುವ ಪ್ರತಿ ಮಾರಾಟದಲ್ಲಿ ಏಜೆಂಟ್ ತನ್ನ ನೋಂದಣಿ ಸಂಖ್ಯೆಯನ್ನು ನಮೂದಿಸಬೇಕು. ಬುಕಿಂಗ್ ಸಮಯದಲ್ಲಿ ಕೊಳ್ಳುವವರಿಗೆ ಸಲ್ಲಬೇಕಾದ ಎಲ್ಲ ಮಾಹಿತಿ ಮತ್ತು ದಾಖಲೆಗಳು ಕೈಸೇರಲು ನೆರವಾಗಬೇಕು. ಇಲ್ಲದ ಸೌಕರ್ಯವನ್ನು ಇದೆಯೆಂದು ಹೇಳುವುದು ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ.

ಬಹಳಷ್ಟು ಜನರಿಗೆ ಗೊತ್ತಿಲ್ಲದ ಮುಖ್ಯ ಅಂಶ ಇಲ್ಲಿದೆ. ನೋಂದಣಿಯ ಈ ಕಡ್ಡಾಯ ಇರುವುದು ಬಿಲ್ಡರ್ ಅಥವಾ ಲೇಔಟ್ ಮಾಡಿದವರು ಮಾರುವ ನೋಂದಾಯಿತ ಯೋಜನೆಗಳಿಗೆ. ಇಪ್ಪತ್ತು ವರ್ಷದ ಹಿಂದೆ ಕಟ್ಟಿದ ಮನೆಯನ್ನು ಅದರ ಮಾಲೀಕರೇ ಮಾರುವಾಗ, ನಡುವೆ ನಿಲ್ಲುವ ಬ್ರೋಕರ್ ರೆರಾ ನೋಂದಣಿ ಹೊಂದಿರಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಅಂದರೆ ವಿಜಯನಗರದ ಹಳೆಯ ಮನೆಗಳನ್ನು ಮೂವತ್ತು ವರ್ಷದಿಂದ ಮಾರಿಸುತ್ತಿರುವ ಹಿರಿಯ ಬ್ರೋಕರ್ ಬಳಿ ಆ ಸಂಖ್ಯೆ ಇಲ್ಲದಿರಬಹುದು, ಅವರು ಪ್ರಾಮಾಣಿಕರೂ ಆಗಿರಬಹುದು. ನೋಂದಣಿ ಇರುವವರೆಲ್ಲ ಪ್ರಾಮಾಣಿಕರೆಂದೂ ಅಲ್ಲ. ಡ್ರೈವಿಂಗ್ ಲೈಸೆನ್ಸ್ ಇದ್ದವರೆಲ್ಲ ಒಳ್ಳೆಯ ಚಾಲಕರಲ್ಲ, ಆದರೆ ಲೈಸೆನ್ಸ್ ಬೇಕಾದ ರಸ್ತೆಯಲ್ಲಿ ಅದಿಲ್ಲದವರ ಗಾಡಿ ಹತ್ತುವುದು ಜಾಣತನವಲ್ಲ. ಮರುಮಾರಾಟದಲ್ಲಿ ಕಾಯ್ದೆಯ ಈ ರಕ್ಷೆ ಇಲ್ಲವಾದ್ದರಿಂದ ಅಲ್ಲಿ ಬ್ರೋಕರ್‌ನ ಆಯ್ಕೆಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಸರಿಯಾದವರನ್ನು ಹುಡುಕುವ ಬಗೆ

ಮೊದಲು ಬಡಾವಣೆ, ಆಮೇಲೆ ಬ್ರೋಕರ್. ಈ ಕ್ರಮ ತಲೆಕೆಳಗಾದರೆ, ಬ್ರೋಕರ್ ಬಳಿ ಏನಿದೆಯೋ ಅದೇ ನಮಗೆ ಬೇಕಾದ ಬಡಾವಣೆಯಾಗಿಬಿಡುತ್ತದೆ. ಬೆಂಗಳೂರಿನಲ್ಲಿ ಒಬ್ಬ ಬ್ರೋಕರ್‌ಗೆ ನಿಜವಾಗಿಯೂ ಚೆನ್ನಾಗಿ ಗೊತ್ತಿರುವುದು ಎರಡೋ ಮೂರೋ ಅಕ್ಕಪಕ್ಕದ ಬಡಾವಣೆಗಳು. ಅದರಾಚೆಗೆ ಅವರು ಇನ್ನೊಬ್ಬ ಬ್ರೋಕರ್‌ಗೆ ಫೋನ್ ಮಾಡಿಯೇ ತೋರಿಸಬೇಕು, ಅಲ್ಲಿಗೆ ಕಮಿಷನ್ ಹಂಚಿಕೊಳ್ಳುವ ಇನ್ನೊಂದು ಕೈ ಸೇರುತ್ತದೆ. ಬಡಾವಣೆ ನಿಶ್ಚಯವಾದ ಮೇಲೆ ಅಲ್ಲಿ ಈಚೆಗೆ ಮನೆ ಕೊಂಡವರನ್ನು, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯನ್ನು, ಮೂಲೆಯ ದಿನಸಿ ಅಂಗಡಿಯವರನ್ನು, ಇಸ್ತ್ರಿ ಗಾಡಿಯವರನ್ನು ವಿಚಾರಿಸಿದರೆ ಒಂದೆರಡು ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ಇಸ್ತ್ರಿಯವರಿಗೆ ಯಾವ ಮನೆ ಖಾಲಿ, ಯಾವ ಮನೆಯಲ್ಲಿ ಅಣ್ಣತಮ್ಮಂದಿರ ಜಗಳ ಎಂಬುದು ಜಾಲತಾಣಗಳಿಗಿಂತ ಮೊದಲು ಗೊತ್ತಿರುತ್ತದೆ.

ಹೀಗೆ ಸಿಕ್ಕ ಎರಡು ಮೂರು ಜನರ ಜೊತೆ ಒಂದೊಂದು ಶನಿವಾರ ಕಳೆದರೆ ಬಹಳಷ್ಟು ತಿಳಿಯುತ್ತದೆ. ಸಾಮಾನ್ಯವಾಗಿ ಮೂರು ಮನೆ ತೋರಿಸುತ್ತಾರೆ. ಮೊದಲನೆಯದು ನಿಮ್ಮ ಬಜೆಟ್‌ಗಿಂತ ತೀರಾ ದುಬಾರಿ, ಎರಡನೆಯದು ಗಾಳಿ ಬೆಳಕಿಲ್ಲದ್ದು, ಮೂರನೆಯದು ಅವರು ಮಾರಬೇಕೆಂದಿರುವುದು. ಮೊದಲಿನ ಎರಡು ನೋಡಿ ದಣಿದ ಕಣ್ಣಿಗೆ ಮೂರನೆಯದು ಅರಮನೆಯಂತೆ ಕಾಣುತ್ತದೆ. ಇದೊಂದು ಹಳೆಯ ವಿದ್ಯೆ. ಗಮನಿಸಬೇಕಾದದ್ದು ಮನೆಯ ಜೊತೆಗೆ ಬ್ರೋಕರ್ ಹೇಳುವ ವಿವರಗಳನ್ನು: ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಸಂಪ್ ಎಷ್ಟು ಲೀಟರಿನದು, ಜೋರು ಮಳೆ ಬಂದ ದಿನ ಆ ರಸ್ತೆ ಹೇಗಿರುತ್ತದೆ, ಪಕ್ಕದ ಖಾಲಿ ನಿವೇಶನ ಯಾರದು. ಬಡಾವಣೆ ಬಲ್ಲವರು ಇವಕ್ಕೆ ಯೋಚಿಸದೆ ಉತ್ತರಿಸುತ್ತಾರೆ. ಬಲ್ಲದವರು ‘ಮೆಟ್ರೊ ಬರುತ್ತೆ ಸರ್, ರೇಟ್ ಡಬಲ್ ಆಗುತ್ತೆ’ ಎಂದು ವಿಷಯ ಬದಲಿಸುತ್ತಾರೆ.

ಕೆಲವು ಪ್ರಶ್ನೆಗಳನ್ನು ನೇರವಾಗಿ ಕೇಳುವುದರಲ್ಲಿ ಮುಜುಗರಪಡಬೇಕಾಗಿಲ್ಲ. ಈ ಮನೆ ಎಷ್ಟು ತಿಂಗಳಿಂದ ಮಾರಾಟಕ್ಕಿದೆ? ಮಾಲೀಕರು ಮಾರುತ್ತಿರುವುದೇಕೆ? ನಿಮಗೂ ಮಾಲೀಕರಿಗೂ ನಡುವೆ ಇನ್ನೊಬ್ಬರು ಇದ್ದಾರೆಯೇ? ಮಾಲೀಕರಿಂದಲೂ ನಿಮಗೆ ಕಮಿಷನ್ ಬರುತ್ತದೆಯೇ? ಕಳೆದ ವರ್ಷ ಈ ಬಡಾವಣೆಯಲ್ಲಿ ನೀವು ಮಾಡಿಸಿದ ಎರಡು ವ್ಯಾಪಾರಗಳಲ್ಲಿ ಕೊಂಡವರ ಜೊತೆ ಮಾತನಾಡಬಹುದೇ? ಉತ್ತರದಷ್ಟೇ ಉತ್ತರಿಸುವ ರೀತಿಯೂ ಮುಖ್ಯ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಒಂದೇ: ಕೇಳುವ ಮೊದಲೇ ಕೆಟ್ಟ ಸುದ್ದಿ ಹೇಳುತ್ತಾರೆಯೇ? ‘ಇದು ಬಿ ಖಾತಾ (ನಿಯಮಗಳನ್ನು ಪೂರ್ತಿ ಪಾಲಿಸದ ಆಸ್ತಿಯ ತೆರಿಗೆ ದಾಖಲೆ), ಕೆಲವು ಬ್ಯಾಂಕಿನವರು ಲೋನ್ ಕೊಡಲ್ಲ’, ‘ಮೇಲಿನ ಮಹಡಿಗೆ ಪ್ಲಾನ್ ಇಲ್ಲ’, ‘ಒಬ್ಬ ಮಗಳ ಸಹಿ ಇನ್ನೂ ಬಾಕಿ ಇದೆ’ ಎಂದು ತಾವಾಗಿಯೇ ಹೇಳಿದವರು ಒಂದು ವ್ಯಾಪಾರ ತಪ್ಪಿದರೂ ಪರವಾಗಿಲ್ಲ ಎಂದುಕೊಂಡವರು. ಅಂಥವರು ಸಿಕ್ಕರೆ ಕಮಿಷನ್‌ನಲ್ಲಿ ಕಾಲು ಪರ್ಸೆಂಟ್‌ಗೆ ಜಗ್ಗಾಡುವುದು ಲಾಭದ ಮಾತಲ್ಲ.

‘ಪೇಪರ್ಸ್ ಕ್ಲಿಯರ್’ ಎಂದರೆ ಏನು?

ಬ್ರೋಕರ್ ಈ ಮಾತನ್ನು ಹೇಳುವಾಗ ಬಹುತೇಕ ಸಲ ಅವರ ಅರ್ಥ ಇಷ್ಟೇ: ಮಾಲೀಕರ ಹೆಸರಿನಲ್ಲಿ ಕ್ರಯಪತ್ರವಿದೆ, ಖಾತಾ ಇದೆ, ತೆರಿಗೆ ಕಟ್ಟಿದ ರಸೀದಿ ಇದೆ. ವಕೀಲರ ಅರ್ಥದಲ್ಲಿ ಇದು ಆರಂಭ ಮಾತ್ರ. ಖಾತಾ ಎಂಬುದು ಆಸ್ತಿ ತೆರಿಗೆಯ ಲೆಕ್ಕಕ್ಕೆ ಸಂಬಂಧಿಸಿದ ದಾಖಲೆ. ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಸಾಬೀತಾಗುವುದಿಲ್ಲ.

ಉದಾಹರಣೆಗೆ ಋಣಭಾರ ಪ್ರಮಾಣಪತ್ರ, ಅಂದರೆ ಎಲ್ಲರೂ ಇಸಿ ಎನ್ನುವ ಕಾಗದವನ್ನೇ ತೆಗೆದುಕೊಳ್ಳಿ. ಕೇಳಿದ ಅವಧಿಯಲ್ಲಿ ಆ ಆಸ್ತಿಗೆ ಸಂಬಂಧಿಸಿದ ನೋಂದಾಯಿತ ವ್ಯವಹಾರಗಳಿದ್ದರೆ ಅವು ನಮೂನೆ 15ರಲ್ಲಿ ಸಾಲಾಗಿ ಬರುತ್ತವೆ: ದಿನಾಂಕ, ಆಸ್ತಿಯ ವಿವರ, ಬರೆದುಕೊಟ್ಟವರು, ಬರೆಸಿಕೊಂಡವರು, ವ್ಯವಹಾರ ಕ್ರಯವೋ ಅಡಮಾನವೋ ವಿಭಾಗವೋ ಎಂಬುದು. ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಓದುವಾಗ ನೋಡಬೇಕಾದದ್ದು ಕೊಂಡಿಗಳನ್ನು. 2009ರಲ್ಲಿ ಬ್ಯಾಂಕಿಗೆ ಅಡಮಾನ ಮಾಡಿದ ಸಾಲೊಂದಿದ್ದು, ಅದನ್ನು ತೀರಿಸಿ ಬಿಡುಗಡೆ ಮಾಡಿಸಿದ ಸಾಲು ಎಲ್ಲೂ ಕಾಣದಿದ್ದರೆ, ಆ ಸಾಲ ಕಾಗದದ ಮೇಲೆ ಇನ್ನೂ ಬದುಕಿದೆ ಎಂದರ್ಥ. ತೀರಿಸಿದ್ದೇವೆ ಎಂಬ ಬಾಯಿಮಾತು ಸಾಲದು, ಬ್ಯಾಂಕಿನ ಪತ್ರ ಬೇಕು. ಇನ್ನು ಇಸಿಯಲ್ಲಿ ಕಾಣದ ಸಂಗತಿಗಳೂ ಇವೆ: ಕೋರ್ಟಿನಲ್ಲಿರುವ ದಾವೆ, ನೋಂದಣಿಯಾಗದ ಉಯಿಲು, ನೋಂದಣಿಯಾಗದ ಕರಾರು. ಆನ್‌ಲೈನ್‌ನಲ್ಲಿ ಸಿಗುವ ಇಸಿ 2004ರ ಏಪ್ರಿಲ್‌ನಿಂದ ಈಚೆಗಿನದು. ಅದಕ್ಕೂ ಹಿಂದಿನದನ್ನು ಉಪನೋಂದಣಾಧಿಕಾರಿ ಕಚೇರಿಯಿಂದಲೇ ಪಡೆಯಬೇಕು. ವಕೀಲರು ಸಾಮಾನ್ಯವಾಗಿ ಕನಿಷ್ಠ 30 ವರ್ಷಗಳ ಸರಪಣಿ ಕೇಳುತ್ತಾರೆ. ಬ್ರೋಕರ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಇಸಿ ಎಷ್ಟು ವರ್ಷದ್ದೆಂದು ಮೇಲಿನ ದಿನಾಂಕಗಳನ್ನು ನೋಡುವ ಅಭ್ಯಾಸ ಇರಲಿ.

ಬ್ರೋಕರ್‌ಗಳು ಹಗುರವಾಗಿ ದಾಟಿಸಿಬಿಡುವ ಇನ್ನು ಕೆಲವು ವಿಷಯಗಳಿವೆ. ಕಟ್ಟಡ ವಾಸಕ್ಕೆ ಯೋಗ್ಯವೆಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ‘ಬೆಂಗಳೂರಲ್ಲಿ ಯಾರಿಗೂ ಇಲ್ಲ ಬಿಡಿ’ ಎಂಬ ಮಾತು ಒಂದು ಕಾಲದಲ್ಲಿ ಓಡುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಓಸಿ ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದೂ, ಸಾಲ ಕೊಡುವ ಮೊದಲು ಬ್ಯಾಂಕುಗಳು ಅದನ್ನು ಪರಿಶೀಲಿಸಬೇಕೆಂದೂ ಹೇಳಿದ ಮೇಲೆ ಆ ಮಾತು ಓಡುವುದಿಲ್ಲ. ಸಣ್ಣ ನಿವೇಶನಗಳ ಮನೆಗಳಿಗೆ ರಾಜ್ಯ ಸರ್ಕಾರ ಆಮೇಲೆ ವಿನಾಯಿತಿ ಕೊಟ್ಟಿದೆಯಾದರೂ ಅಪಾರ್ಟ್‌ಮೆಂಟ್ ಕೊಳ್ಳುವವರಿಗೆ ಓಸಿ ಬೇಕೇ ಬೇಕು. ಹಾಗೆಯೇ ಜಿಪಿಎ, ಅಂದರೆ ಸಾಮಾನ್ಯ ಮುಖ್ತ್ಯಾರನಾಮೆ, ಆಧಾರದ ಮಾರಾಟ. ಕ್ರಯಪತ್ರ ನೋಂದಣಿಯಿಲ್ಲದೆ ಬರೀ ಜಿಪಿಎ ಮತ್ತು ಕರಾರಿನಿಂದ ಮಾಲೀಕತ್ವ ವರ್ಗವಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ. ಭೂಪರಿವರ್ತನೆಯಾಗದ ಕೃಷಿ ಜಮೀನಿನಲ್ಲಿ ಕಲ್ಲು ನೆಟ್ಟು ಮಾರುವ ರೆವಿನ್ಯೂ ಸೈಟುಗಳ ಬಗ್ಗೆ ‘ಮುಂದೆ ಸಕ್ರಮ ಆಗುತ್ತೆ’ ಎಂಬ ಭರವಸೆಯನ್ನು ಬರೆದುಕೊಡಿ ಎಂದರೆ ಯಾವ ಬ್ರೋಕರ್ ಕೂಡ ಬರೆದುಕೊಡುವುದಿಲ್ಲ.

ಆದ್ದರಿಂದ ದಾಖಲೆ ಪರಿಶೀಲನೆಗೆ ಪ್ರತ್ಯೇಕ ವಕೀಲರು ಬೇಕು, ಆ ವಕೀಲರು ಬ್ರೋಕರ್ ಪರಿಚಯಿಸಿದವರಾಗಿರಬಾರದು. ‘ನಮ್ಮ ಲಾಯರ್ ಇದ್ದಾರೆ, ಒಪೀನಿಯನ್ ಎರಡೇ ದಿನದಲ್ಲಿ ಕೊಡ್ತಾರೆ’ ಎಂಬುದು ಸೌಕರ್ಯದ ಮಾತಾಗಿ ಕಂಡರೂ, ಆ ವಕೀಲರಿಗೆ ಮುಂದಿನ ಕೆಲಸ ತಂದುಕೊಡುವವರು ನೀವಲ್ಲ, ಬ್ರೋಕರ್. ಒಳ್ಳೆಯ ಬ್ರೋಕರ್ ಇದಕ್ಕೆ ಬೇಸರಪಡುವುದಿಲ್ಲ. ವಕೀಲರು ಕೇಳಿದ ಹಳೆಯ ಕಾಗದಗಳನ್ನು ಮಾಲೀಕರಿಂದ ತರಿಸಿಕೊಡಲು ಓಡಾಡುತ್ತಾರೆ. ಅವರ ನಿಜವಾದ ಉಪಯೋಗ ಇರುವುದೂ ಅಲ್ಲೇ.

ಟೋಕನ್ ಅಡ್ವಾನ್ಸ್ ಕೊಡುವ ಮುನ್ನ

ಹೆಚ್ಚಿನ ಜಗಳಗಳು ಹುಟ್ಟುವುದು ಟೋಕನ್ ಹಣದಿಂದ. ಈ ಹಣವನ್ನು ಬ್ರೋಕರ್ ಕೈಗೆ ಕೊಡಬಾರದು, ಮಾಲೀಕರ ಬ್ಯಾಂಕ್ ಖಾತೆಗೆ ವರ್ಗಾಯಿಸಬೇಕು ಅಥವಾ ಅವರ ಹೆಸರಿನ ಚೆಕ್ ಕೊಡಬೇಕು. ಸ್ಥಿರಾಸ್ತಿ ವ್ಯವಹಾರದಲ್ಲಿ ₹20,000 ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ರಸೀದಿಯಲ್ಲಿ ಆಸ್ತಿಯ ವಿವರ, ಒಪ್ಪಿದ ಪೂರ್ಣ ಬೆಲೆ, ಕೊಟ್ಟ ಮೊತ್ತ ಇವುಗಳ ಜೊತೆಗೆ ಒಂದು ವಾಕ್ಯ ಇರಲೇಬೇಕು: ‘ಖರೀದಿದಾರರ ವಕೀಲರ ಪರಿಶೀಲನೆಯಲ್ಲಿ ಹಕ್ಕಿನ ದೋಷ ಕಂಡುಬಂದಲ್ಲಿ ಸದರಿ ಮೊತ್ತವನ್ನು 15 ದಿನಗಳೊಳಗೆ ಹಿಂದಿರುಗಿಸತಕ್ಕದ್ದು.’ ಈ ಒಂದು ಸಾಲು ಇಲ್ಲದ ಕಾರಣಕ್ಕೆ, ತಪ್ಪು ಯಾರದಾದರೂ ಹಣ ಕೊಟ್ಟವರೇ ಅಂಗಲಾಚಬೇಕಾಗುತ್ತದೆ.

ರೆರಾ ಯೋಜನೆಗಳಲ್ಲಿ ಬಿಲ್ಡರ್ ಮಾರಾಟದ ಕರಾರನ್ನು ನೋಂದಣಿ ಮಾಡಿಸದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಏಜೆಂಟ್ ಎಷ್ಟೇ ಅವಸರಪಡಿಸಿದರೂ ಈ ಗಡಿ ದಾಟಬೇಕಾಗಿಲ್ಲ.

ಬೆಲೆ ₹50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1ರಷ್ಟನ್ನು ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟುವ ಹೊಣೆ ಕೊಳ್ಳುವವರದು. ಮಾರುವವರು ಅನಿವಾಸಿ ಭಾರತೀಯರಾಗಿದ್ದರೆ ಲೆಕ್ಕವೇ ಬೇರೆ, ಹಿಡಿಯಬೇಕಾದ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚು. ‘ಓನರ್ ಅಮೆರಿಕದಲ್ಲಿದ್ದಾರೆ’ ಎಂದು ಬ್ರೋಕರ್ ಹೇಳಿದ ಕ್ಷಣವೇ ಲೆಕ್ಕಪರಿಶೋಧಕರನ್ನು ಕೇಳುವುದು ಒಳ್ಳೆಯದು.

ಊರಿನಿಂದ ದೂರ ಇರುವವರಿಗೆ

ಮುಂಬೈಯಲ್ಲೋ ದುಬೈಯಲ್ಲೋ ಇದ್ದು ಮೈಸೂರಿನಲ್ಲೋ ಮಂಗಳೂರಿನಲ್ಲೋ ಮನೆ ಕೊಳ್ಳುವ ಕನ್ನಡಿಗರು ಬ್ರೋಕರ್‌ಗಳನ್ನು ಇತರರಿಗಿಂತ ಹೆಚ್ಚು ನೆಚ್ಚಿಕೊಳ್ಳಬೇಕಾಗುತ್ತದೆ. ಇಲ್ಲಿ ಒಂದೇ ಮುನ್ನೆಚ್ಚರಿಕೆ ಉಳಿದೆಲ್ಲಕ್ಕಿಂತ ಮುಖ್ಯ: ಮುಖ್ತ್ಯಾರನಾಮೆಯನ್ನು ಬ್ರೋಕರ್ ಹೆಸರಿಗೆ ಬರೆದುಕೊಡಬಾರದು. ಮನೆಯವರ ಅಥವಾ ನಂಬಿಕಸ್ಥ ನೆಂಟರ ಹೆಸರಿಗೆ, ನಿರ್ದಿಷ್ಟವಾಗಿ ಆ ಒಂದು ಆಸ್ತಿಯ ಖರೀದಿಗೆ ಮಾತ್ರ ಸೀಮಿತಗೊಳಿಸಿ ಬರೆಯಬೇಕು. ವಿಡಿಯೊದಲ್ಲಿ ಮನೆ ನೋಡುವವರು ಗೇಟಿನಿಂದ ಮುಖ್ಯರಸ್ತೆಯವರೆಗೂ ಕ್ಯಾಮೆರಾ ನಿಲ್ಲಿಸದೆ ನಡೆಯಲು ಹೇಳಬೇಕು. ಮನೆಯೊಳಗೆ ಕಾಣದ ದೋಷಗಳು ಆ ದಾರಿಯಲ್ಲಿ ಕಾಣುತ್ತವೆ.

ಕಮಿಷನ್ ಮಾತು, ಕಮಿಷನ್ ಕೊಡುವ ದಿನ

ದರ ಎಷ್ಟು, ಯಾವಾಗ ಕೊಡಬೇಕು, ಯಾವ ಯಾವ ಕೆಲಸಕ್ಕೆ ಎಂಬುದನ್ನು ಮೊದಲ ಮನೆ ನೋಡುವ ಮುನ್ನವೇ ಬರಹದಲ್ಲಿ ಇಟ್ಟುಕೊಳ್ಳಬೇಕು. ದೊಡ್ಡ ಒಪ್ಪಂದಪತ್ರವೇ ಬೇಕೆಂದಿಲ್ಲ. ‘ನೋಂದಣಿಯಾದ ದಿನ ಶೇ 1, ಅದಕ್ಕೆ ಮುಂಚೆ ಏನೂ ಇಲ್ಲ, ನಡುವೆ ಬೇರೆ ಬ್ರೋಕರ್ ಇದ್ದರೆ ಅವರ ಪಾಲು ಇದರಲ್ಲೇ ಸೇರಿದೆ, ಖಾತಾ ಬದಲಾವಣೆಗೆ ನೆರವು ಸೇರಿದೆ’ ಎಂಬ ಒಂದು ಸಂದೇಶಕ್ಕೆ ಅವರು ‘ಒಪ್ಪಿದೆ’ ಎಂದು ಉತ್ತರಿಸಿದರೂ ಆಯಿತು. ಕೆಲವರು ಕರಾರಿನ ದಿನ ಅರ್ಧ ಕೇಳುತ್ತಾರೆ. ಬೇರೆ ಒಪ್ಪಂದ ಇಲ್ಲದಿದ್ದರೆ, ವಹಿಸಿಕೊಂಡ ಕೆಲಸ ಮುಗಿದ ಮೇಲೆಯೇ ಏಜೆಂಟ್‌ಗೆ ಪ್ರತಿಫಲ ಸಲ್ಲುತ್ತದೆ ಎಂದು ಒಪ್ಪಂದ ಕಾಯ್ದೆ ಹೇಳುತ್ತದೆ. ದುರ್ನಡತೆ ತೋರಿದ ಕೆಲಸದ ಭಾಗಕ್ಕೆ ಪ್ರತಿಫಲ ಕೇಳುವ ಹಕ್ಕೂ ಇಲ್ಲ. ಇನ್ನೊಂದು ಕಡೆ, ಬ್ರೋಕರ್ ತೋರಿಸಿದ ಮನೆಯನ್ನು ಅವರ ಬೆನ್ನ ಹಿಂದೆ ಮಾಲೀಕರೊಡನೆ ಕುದುರಿಸಿಕೊಂಡು ಕಮಿಷನ್ ತಪ್ಪಿಸುವ ಗ್ರಾಹಕರೂ ಕಡಿಮೆಯಿಲ್ಲ. ವಿಳಾಸ ಹೇಳದೆ, ಗಲ್ಲಿಗಲ್ಲಿ ಸುತ್ತಿಸಿ ಮನೆ ತೋರಿಸುವ ಬ್ರೋಕರ್‌ಗಳ ಅಭ್ಯಾಸ ಹುಟ್ಟಿದ್ದು ಅಂಥವರಿಂದಲೇ.

ವಿವಾದವಾದರೆ ಎಲ್ಲಿಗೆ ಹೋಗಬೇಕೆಂಬುದೂ ವ್ಯವಹಾರದ ಬಗೆಯನ್ನು ಅವಲಂಬಿಸಿದೆ. ನೋಂದಾಯಿತ ಯೋಜನೆಯಾದರೆ ಬಿಲ್ಡರ್ ಮೇಲೆ ಮಾತ್ರವಲ್ಲ, ಏಜೆಂಟ್ ಮೇಲೂ ಕೆ-ರೆರಾದಲ್ಲಿ ಆನ್‌ಲೈನ್ ದೂರು ಸಲ್ಲಿಸಬಹುದು. ಮರುಮಾರಾಟದಲ್ಲಿ ಹಣ ಕೊಟ್ಟು ಪಡೆದ ಸೇವೆಯ ಕೊರತೆಗೆ ಗ್ರಾಹಕರ ಆಯೋಗವಿದೆ, ಹಣದ ವಸೂಲಿಗೆ ಸಿವಿಲ್ ನ್ಯಾಯಾಲಯವಿದೆ, ಸುಳ್ಳು ದಾಖಲೆ ತೋರಿಸಿ ವಂಚಿಸಿದ್ದರೆ ಪೊಲೀಸ್ ಠಾಣೆ. ಎಲ್ಲ ಕಡೆಯೂ ಮೊದಲು ಕೇಳುವುದು ಬರಹದಲ್ಲಿರುವ ಪುರಾವೆಯನ್ನೇ.

ನೋಂದಣಿಯ ದಿನ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಬ್ರೋಕರ್ ಬೆಳಿಗ್ಗೆಯೇ ಬಂದು ಕುಳಿತಿರುತ್ತಾರೆ. ಫೋಟೊ, ಹೆಬ್ಬೆಟ್ಟಿನ ಗುರುತು, ಸಹಿ ಮುಗಿಯುವ ಹೊತ್ತಿಗೆ ಕಚೇರಿಯ ಹೊರಗಿನ ಮರದ ಕೆಳಗೆ ಕಮಿಷನ್ ಮಾತು ಬರುತ್ತದೆ. ಮೂಲಪತ್ರಗಳು, ಮನೆಯ ಎಲ್ಲ ಕೀಲಿಗಳು, ಕೊನೆಯ ವಿದ್ಯುತ್ ಮತ್ತು ನೀರಿನ ಬಿಲ್ಲುಗಳು, ಅಪಾರ್ಟ್‌ಮೆಂಟ್ ಆದರೆ ಸಂಘದ ಬಾಕಿ ಇಲ್ಲವೆಂಬ ಪತ್ರ ಇಷ್ಟನ್ನು ಎಣಿಸಿ ತೆಗೆದುಕೊಂಡು, ಕಮಿಷನ್ ಹಣವನ್ನು ಬ್ಯಾಂಕ್ ಮೂಲಕವೇ ಕಳಿಸಿ, ಬಿಲ್ ಪಡೆಯಬೇಕು. ಖಾತಾ ನಿಮ್ಮ ಹೆಸರಿಗೆ ಬರುವುದು, ಬೆಸ್ಕಾಂ ಸಂಪರ್ಕದಲ್ಲಿ ಹೆಸರು ಬದಲಾಗುವುದು ಇನ್ನೂ ಬಾಕಿ ಇರುತ್ತವೆ. ಆ ಕೆಲಸಗಳಿಗೆಂದು ಮೊದಲೇ ಮಾತಾಡಿಕೊಂಡಿದ್ದರೆ ಕಮಿಷನ್‌ನ ಹತ್ತನೆಯ ಒಂದು ಭಾಗವನ್ನು ಅವು ಮುಗಿಯುವವರೆಗೆ ಉಳಿಸಿಕೊಳ್ಳಬಹುದು.